ಏರಿನಲ್ಲಿ ಮಿಸ್ ಹೊಡೆಯುವ ಹಳೆಯ ಪೆಟ್ರೋಲ್ ಜೀಪು: ದೋಷ ಪತ್ತೆ ಮತ್ತು ನಿವಾರಣೆ

ಕುಶಾಲನಗರದ ಸಮತಟ್ಟು ರಸ್ತೆಯಲ್ಲಿ ಯಾವ ತಕರಾರೂ ಇಲ್ಲದೆ ಓಡುವ ಹಳೆಯ ಪೆಟ್ರೋಲ್ ಜೀಪು, ಆನೆಕಾಡನ್ನು ದಾಟಿ ಸುಂಟಿಕೊಪ್ಪದ ಕಡೆಗೆ ಏರತೊಡಗಿದೊಡನೆ, ಅದರಲ್ಲೂ ಹಿಂದಿನ ಟ್ರೈಲರಿನಲ್ಲಿ ಕಾಫಿ ಚೀಲಗಳಿದ್ದರೆ, ಜಗ್ಗಿ ಜಗ್ಗಿ ಮಿಸ್ ಹೊಡೆಯುವುದು (ಸಿಲಿಂಡರಿನಲ್ಲಿ ಉರಿಯುವುದು ತಪ್ಪಿಹೋಗುವುದು) ಕೊಡಗಿನ ತೋಟಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ಎಕ್ಸಲೇಟರನ್ನು ಸ್ವಲ್ಪ ಬಿಟ್ಟರೆ ಎಂಜಿನ್ ಸುಧಾರಿಸಿಕೊಳ್ಳುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ ಪಾಡು. ಗ್ಯಾರೇಜಿನ ಮುಂದೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ದೋಷ ಕಾಣಿಸದ ಕಾರಣ ಮೇಸ್ತ್ರಿಯ ಕೈ ಸಾಮಾನ್ಯವಾಗಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರಿಗೆ ಹೋಗುತ್ತದೆ, ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಬಿಚ್ಚಿ ಊದಲಾಗುತ್ತದೆ, ಕಿಟ್ ಬದಲಾಗುತ್ತದೆ, ಮತ್ತು ಮುಂದಿನ ಏರಿನಲ್ಲಿ ಜೀಪು ಹಿಂದಿನಂತೆಯೇ ಮುಗ್ಗರಿಸುತ್ತದೆ.

ಈ ದೋಷದ ಪತ್ತೆಯಲ್ಲಿ ಕಾರ್ಬುರೇಟರನ್ನು ಬಿಚ್ಚುವುದು ಕೊನೆಯ ಕೆಲಸವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಹೇಳಿರುವ ಅಳತೆಗಳು ಮುಖ್ಯವಾಗಿ ವಿಲ್ಲಿಸ್ ಮತ್ತು ಮಹೀಂದ್ರ ಪೆಟ್ರೋಲ್ ಜೀಪುಗಳಲ್ಲಿರುವ, ಸುಮಾರು 2.2 ಲೀಟರಿನ ನಾಲ್ಕು ಸಿಲಿಂಡರಿನ ಹರಿಕೇನ್ ಎಂಜಿನ್ನಿಗೆ ಸಂಬಂಧಿಸಿದವು. ಆದರೆ ತಪಾಸಣೆಯ ಕ್ರಮ ಅದೇ ಕಾಲದ, ಕಾರ್ಬುರೇಟರ್ ಇರುವ ಯಾವುದೇ ಪಿಕಪ್ಪಿಗೂ ಪೆಟ್ರೋಲ್ ಲಾರಿಗೂ ಹೊಂದುತ್ತದೆ.

ಲೋಡ್ ಬಿದ್ದಾಗ ಎಂಜಿನ್ನಿನಲ್ಲಿ ಬದಲಾಗುವುದೇನು

ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗ ಎಂಜಿನ್ ವೇಗವಾಗಿ ತಿರುಗುತ್ತದೆಯೇ ಹೊರತು ದುಡಿಯುವುದಿಲ್ಲ. ಥ್ರಾಟಲ್ (ಎಂಜಿನ್ನಿಗೆ ಮಿಶ್ರಣ ಬಿಡುವ ಬಾಗಿಲು) ಅಲ್ಪಸ್ವಲ್ಪ ತೆರೆದರೂ ಸಾಕಾಗುವುದರಿಂದ ಸಿಲಿಂಡರಿನೊಳಗೆ ಹೋಗುವ ಮಿಶ್ರಣ ಕಡಿಮೆ, ಅಲ್ಲಿನ ಒತ್ತಡವೂ ಕಡಿಮೆ. ಏರಿನಲ್ಲಿ ಎರಡನೇ ಗೇರಿನಲ್ಲಿ ಎಕ್ಸಲೇಟರನ್ನು ಪೂರ್ತಿ ಒತ್ತಿದಾಗ ಪರಿಸ್ಥಿತಿ ಎರಡು ರೀತಿಯಲ್ಲಿ ಬದಲಾಗುತ್ತದೆ. ಸಿಲಿಂಡರ್ ಪೂರ್ತಿ ತುಂಬಿ, ಕಂಪ್ರೆಷನ್ನಿನ ಕೊನೆಯಲ್ಲಿ ಒತ್ತಡ ಬಹಳ ಹೆಚ್ಚಾಗುವುದರಿಂದ, ಪ್ಲಗ್ಗಿನ ಅದೇ ಗ್ಯಾಪನ್ನು ಹಾರಲು ಕಿಡಿಗೆ, ಎಕ್ಸಲೇಟರ್ ಒತ್ತದೆ ಓಡುವ ಐಡ್ಲಿಂಗ್‌ನಲ್ಲಿ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಇದು ಮೊದಲನೆಯದು. ಎರಡನೆಯದು ಪೆಟ್ರೋಲಿನ ಪ್ರಮಾಣ. ಐಡ್ಲಿಂಗ್‌ನಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಕುಡಿಯುವ ಈ ಎಂಜಿನ್, ಪೂರ್ತಿ ಲೋಡಿನಲ್ಲಿ ಗಂಟೆಗೆ 15 ಲೀಟರಿಗೂ ಹೆಚ್ಚು ಕೇಳುತ್ತದೆ. ಹಾಗಾಗಿ ಅರ್ಧ ಕಟ್ಟಿಕೊಂಡ ಫಿಲ್ಟರು ಐಡ್ಲಿಂಗ್‌ಗೆ ಧಾರಾಳವಾಗಿ ಸಾಲುತ್ತದೆ, ಘಾಟಿಗೆ ಸಾಲುವುದಿಲ್ಲ. ಗ್ಯಾರೇಜಿನ ಮುಂದೆ ದೋಷ ಅಡಗಿಕೊಳ್ಳುವುದಕ್ಕೆ ಇಷ್ಟೇ ಕಾರಣ.

ಇದಕ್ಕೆ ನಮ್ಮ ಜಿಲ್ಲೆಯ ಎತ್ತರವನ್ನೂ ಸೇರಿಸಿ ನೋಡಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 10ರಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ಸುಳ್ಯದಿಂದ ಬಂದ ಜೀಪು ಸಂಪಾಜೆ, ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿ ತಲುಪುವ ಹೊತ್ತಿಗೆ ಸ್ವಲ್ಪ ಸೊರಗಿದಂತೆ ಅನ್ನಿಸುವುದು ಸಹಜ. ಅದನ್ನು ದೋಷವೆಂದು ಎಣಿಸಿ ಜೆಟ್ ಬದಲಾಯಿಸಲು ಹೋಗಬಾರದು. ಶಕ್ತಿ ಸಮನಾಗಿ ಕುಗ್ಗುವುದೇ ಬೇರೆ, ಉರಿಯುವುದು ತಪ್ಪಿ ಜಗ್ಗುವುದೇ ಬೇರೆ.

ಬಿಚ್ಚುವ ಮೊದಲು ಕೇಳುವುದು

ಸ್ಪ್ಯಾನರ್ ಹಿಡಿಯುವ ಮೊದಲು ಜೀಪನ್ನು ಅದು ತೊಂದರೆ ಕೊಡುವ ಏರಿಗೇ, ಅದೇ ಲೋಡಿನೊಂದಿಗೆ ಒಯ್ಯಬೇಕು. ಎಂಜಿನ್ ತಣ್ಣಗಿರುವಾಗಲೇ ಮಿಸ್ ಹೊಡೆಯುತ್ತದೆಯೋ ಅಥವಾ ಬಿಸಿಯಾದ ಮೇಲೆ ಮಾತ್ರವೋ, ಪೆಡಲ್ ಒತ್ತಿದ ಕ್ಷಣದಲ್ಲೋ ಅಥವಾ ಒಂದಷ್ಟು ದೂರ ಎಳೆದ ಮೇಲೋ ಎಂಬುದನ್ನು ಗಮನಿಸಿ ಬರೆದಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ಮುಗಿದಂತೆಯೇ. ಚಾಲಕನನ್ನು ಕೇಳುವಾಗಲೂ ‘ಏನಾಗಿದೆ’ ಎಂದು ಕೇಳುವ ಬದಲು ‘ಯಾವಾಗ ಆಗುತ್ತದೆ’ ಎಂದು ಕೇಳುವುದು ಒಳ್ಳೆಯದು, ಏಕೆಂದರೆ ಏನಾಗಿದೆ ಎಂದು ಕೇಳಿದರೆ ‘ಕಾರ್ಬುರೇಟರ್ ಹೋಗಿದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕಿಡಿಯ ದೋಷಕ್ಕೂ ಪೆಟ್ರೋಲಿನ ದೋಷಕ್ಕೂ ಸ್ವಭಾವದಲ್ಲಿಯೇ ವ್ಯತ್ಯಾಸವಿದೆ. ಕಿಡಿ ತಪ್ಪಿದಾಗ ಜಗ್ಗಾಟ ಚುರುಕಾಗಿರುತ್ತದೆ, ಪೆಡಲ್ ಒತ್ತಿದೊಡನೆ ಬರುತ್ತದೆ, ಬಿಟ್ಟೊಡನೆ ಹೋಗುತ್ತದೆ; ಉರಿಯದೆ ಉಳಿದ ಮಿಶ್ರಣ ಸೈಲೆನ್ಸರಿನಲ್ಲಿ ಹತ್ತಿಕೊಂಡು ಆಗೊಮ್ಮೆ ಈಗೊಮ್ಮೆ ಢಂ ಎನ್ನುವುದೂ ಉಂಟು. ಪೆಟ್ರೋಲ್ ಸಾಲದಾದಾಗ ಎಂಜಿನ್ ಮೊದಲು ಚೆನ್ನಾಗಿ ಎಳೆಯುತ್ತದೆ, ಕಾರ್ಬುರೇಟರಿನ ಬೌಲಿನಲ್ಲಿರುವುದು ಖಾಲಿಯಾಗುತ್ತ ಬಂದಂತೆ ನಿಧಾನವಾಗಿ ಸೊರಗುತ್ತದೆ, ಆಮೇಲೆ ಕಾರ್ಬುರೇಟರಿನ ಬಾಯಿಯಿಂದಲೇ ಪಟ್ ಪಟ್ ಎಂದು ಹಿಮ್ಮುಖವಾಗಿ ಸಿಡಿಯುತ್ತದೆ. ಒಂದು ನಿಮಿಷ ನಿಲ್ಲಿಸಿ ಹೊರಟರೆ ಮತ್ತೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಪೆಟ್ರೋಲ್ ಅತಿಯಾದಾಗ ಕಪ್ಪು ಹೊಗೆ, ಮಂಕಾದ ಗುಡುಗುಡು ಸದ್ದು, ಹಸಿ ಪೆಟ್ರೋಲಿನ ವಾಸನೆ.

ರಸ್ತೆಯ ಮೇಲೆಯೇ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ, ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಗುಂಡಿಯದು. ಏರಿನಲ್ಲಿ ಮಿಸ್ ಹೊಡೆಯುತ್ತಿರುವಾಗಲೇ ಚೋಕನ್ನು ಮೂರನೇ ಒಂದು ಭಾಗದಷ್ಟು ಎಳೆದು ನೋಡಬೇಕು. ಎಂಜಿನ್ ಚೇತರಿಸಿಕೊಂಡು ಎಳೆದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ: ಪಂಪು, ಪೈಪು, ಜೆಟ್ ಅಥವಾ ಎಲ್ಲಿಂದಲೋ ಸೇರುತ್ತಿರುವ ಗಾಳಿ. ಇನ್ನೂ ಕೆಟ್ಟರೆ ಪೆಟ್ರೋಲ್ ಅತಿಯಾಗಿದೆ ಅಥವಾ ಏರ್ ಕ್ಲೀನರ್ ಕಟ್ಟಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಿಡಿಯ ಕಡೆಗೆ ತಿರುಗಬೇಕು. ಕಾಸಿನ ಖರ್ಚಿಲ್ಲದ ಈ ಒಂದು ಪರೀಕ್ಷೆಯನ್ನು ಮಾಡದೆ ಕಾರ್ಬುರೇಟರ್ ಇಳಿಸುವವರನ್ನು ಕಂಡರೆ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ.

ಕಿಡಿಯ ಕಡೆ

ಚೋಕ್ ಪರೀಕ್ಷೆ ಏನೇ ಹೇಳಿದರೂ ಕಿಡಿಯ ಭಾಗಗಳನ್ನು ಮೊದಲು ನೋಡಿ ಮುಗಿಸುವುದು ಜಾಣತನ, ಏಕೆಂದರೆ ಅದಕ್ಕೆ ಬೇಕಾಗುವುದು ಒಂದು ಫೀಲರ್ ಗೇಜ್, ಒಂದು ಮಲ್ಟಿಮೀಟರ್ ಮತ್ತು ಬೆಳಕು ಮಾತ್ರ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ, ಅದರಲ್ಲೂ ಕಕ್ಕಡ ತಿಂಗಳ (ಆಟಿಯ) ಮಳೆಯಲ್ಲಿ ಶೆಡ್ಡಿನಲ್ಲಿ ನಿಂತೇ ಇರುವ ಜೀಪಿನ ಡೆಲ್ಕೊ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗೆ ತೇವ ಸೇರಿ, ಸುಗ್ಗಿಹಬ್ಬವಾದ ಹುತ್ತರಿ ಕಳೆದು ಕಾಫಿ ಕುಯ್ಲಿಗೆಂದು ಹೊರಗೆ ತೆಗೆಯುವ ಹೊತ್ತಿಗೆ ಅದರೊಳಗೆ ಕರೆಂಟನ್ನು ಕಡಿದು ಕೂಡಿಸುವ ಸಿ.ಬಿ. ಪಾಯಿಂಟಿನ ಮುಖಕ್ಕೆ ಬೂದು ಬಣ್ಣದ ಪದರ ಕಟ್ಟಿರುತ್ತದೆ.

ಮೊದಲು ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗೊತ್ತಾಗುವಂತೆ ಸಾಲಾಗಿ ಇಡಬೇಕು. ಪಿಂಗಾಣಿಯ ತುದಿ ಬಿಸ್ಕತ್ತಿನ ಕಂದು ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ನಾಲ್ಕೂ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ನಾಲ್ಕೂ ಒಣ ಮಸಿ ಹಿಡಿದಿದ್ದರೆ ಹೆಚ್ಚು. ಒಂದು ಮಾತ್ರ ಬೇರೆಯಾಗಿದ್ದರೆ ದೋಷ ಆ ಸಿಲಿಂಡರಿಗೆ ಸೀಮಿತ, ಅಂದರೆ ಆ ಪ್ಲಗ್, ಅದರ ವೈರು, ಅದರ ವಾಲ್ವು. ಕಾರ್ಬುರೇಟರ್ ನಾಲ್ಕಕ್ಕೂ ಒಂದೇ ಆದ್ದರಿಂದ ಅದರ ಮೇಲೆ ಅನುಮಾನ ಪಡಬೇಕಾಗಿಲ್ಲ. ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಕೆಲವೊಮ್ಮೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆಯೊಂದು ಮೇಲಿನಿಂದ ಕೆಳಗೆ ಇಳಿದಿರುವುದು ಕಾಣುತ್ತದೆ. ಅದು ಬಿರುಕು, ಐಡ್ಲಿಂಗ್‌ನಲ್ಲಿ ಗ್ಯಾಪಿನಲ್ಲೇ ಹಾರುವ ಕಿಡಿ, ಲೋಡ್ ಬಿದ್ದು ಗ್ಯಾಪ್ ಕಷ್ಟವಾದಾಗ ಆ ಗೆರೆಯ ದಾರಿ ಹಿಡಿದು ಬಾಡಿಗೆ ಇಳಿದುಬಿಡುತ್ತದೆ. ಈ ಎಂಜಿನ್ನಿಗೆ ಪ್ಲಗ್ ಗ್ಯಾಪ್ 0.75 ಮಿಲಿಮೀಟರ್. ಸವೆದು ಒಂದು ಮಿಲಿಮೀಟರಿಗೆ ಬಂದ ಗ್ಯಾಪ್ ಸಮತಟ್ಟಿನಲ್ಲಿ ಏನೂ ಮಾಡದೆ, ಏರಿನಲ್ಲಿ ಮಾತ್ರ ಕೈಕೊಡಬಲ್ಲದು.

ಡೆಲ್ಕೊ ಮುಚ್ಚಳವನ್ನು ತೆಗೆದು ಒಳಗಿನ ಗೋಡೆಯನ್ನು ನೋಡಬೇಕು. ಒಂದು ಹಿತ್ತಾಳೆ ಕಡ್ಡಿಯಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಗೀಚಿದಂತೆ ಕಪ್ಪು ಗೆರೆ ಇದ್ದರೆ, ಅದು ಕಿಡಿ ಹರಿದು ಸುಟ್ಟ ಇಂಗಾಲದ ದಾರಿ. ಅದನ್ನು ಕೆರೆದು ಒರೆಸಿದರೆ ಹೋಗುವುದಿಲ್ಲ, ಮುಚ್ಚಳವನ್ನೇ ಬದಲಾಯಿಸಬೇಕು. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಮುಕ್ತವಾಗಿ ಆಡುತ್ತಿರಬೇಕು. ಪಾಯಿಂಟ್ ಗ್ಯಾಪನ್ನು ಡೆಲ್ಕೊ ಯಾವ ಕಂಪನಿಯದೆಂದು ನೋಡಿಕೊಂಡು ಇಡಬೇಕು: ಲೂಕಾಸ್ ಆದರೆ 0.35ರಿಂದ 0.40 ಮಿಲಿಮೀಟರ್, ಆಟೋಲೈಟ್ ಆದರೆ 0.50. ನಮ್ಮ ಕಡೆಯ ಜೀಪುಗಳಲ್ಲಿ ಎರಡೂ ಬಗೆಯವು ಸಿಗುತ್ತವೆ, ಒಂದರ ಅಳತೆಯನ್ನು ಇನ್ನೊಂದಕ್ಕೆ ಇಟ್ಟಿರುವುದೂ ಸಿಗುತ್ತದೆ. ಹೊಸ ಪಾಯಿಂಟ್ ಹಾಕಿದ ಮೇಲೆ ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಕ್ಷಣ) ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಗ್ಯಾಪ್ ಇಟ್ಟ ಮೇಲೆಯೇ ಟೈಮಿಂಗ್ ಇಡಬೇಕು. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಡ್ಡಕ್ಕೆ ಅಲುಗಾಡಿಸಿದಾಗ ಆಟ ಕಂಡುಬಂದರೆ ಬುಷ್ ಸವೆದಿದೆ, ಆಗ ಎಷ್ಟು ಸಲ ಗ್ಯಾಪ್ ಇಟ್ಟರೂ ಅದು ನಿಲ್ಲುವುದಿಲ್ಲ.

ಎಂಜಿನ್ನಿನ ಹೀರುವಿಕೆಯ ಬಲದಿಂದ ಕಿಡಿಯನ್ನು ಹಿಂದೆ ಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡೆಲ್ಕೊಗಳಲ್ಲಿ ಯಾರೂ ನೋಡದ ಒಂದು ಮೂಲೆಯಿದೆ. ಪಾಯಿಂಟ್ ಕೂತಿರುವ ತಟ್ಟೆ ಲೋಡಿಗೆ ತಕ್ಕಂತೆ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿರುತ್ತದೆ, ಅದರ ಜೊತೆಗೆ ಒಂದು ಸಣ್ಣ ಮೆತುವಾದ ವೈರೂ ಮಡಚಿ ಬಿಚ್ಚುತ್ತಿರುತ್ತದೆ. ವರ್ಷಗಳು ಕಳೆದಂತೆ ಒಳಗಿನ ತಾಮ್ರದ ಎಳೆಗಳು ತುಂಡಾಗಿ, ಮೇಲಿನ ಹೊದಿಕೆ ಮಾತ್ರ ಉಳಿದುಕೊಂಡಿರುತ್ತದೆ. ಎಂಜಿನ್ ನಿಂತಿರುವಾಗ ತುದಿಗಳು ತಾಗಿಕೊಂಡಿರುವುದರಿಂದ ಮೀಟರ್ ಸರಿಯೆಂದೇ ತೋರಿಸುತ್ತದೆ. ಮೀಟರ್ ಹಚ್ಚಿಕೊಂಡೇ ತಟ್ಟೆಯನ್ನು ಕೈಯಿಂದ ತಿರುಗಿಸಿ ನೋಡಿದರೆ ಮಾತ್ರ ಕಳ್ಳ ಸಿಕ್ಕಿಬೀಳುತ್ತಾನೆ. ಹರಿಕೇನ್ ಎಂಜಿನ್ನಿನ ಹಲವು ಜೀಪುಗಳಲ್ಲಿ ವೇಗ ಹೆಚ್ಚಿದಂತೆ ಸಣ್ಣ ತೂಕಗಳು ಹೊರಕ್ಕೆ ಸರಿದು ಕಿಡಿಯನ್ನು ಮುಂದಕ್ಕೆ ತರುವ ತೂಕದ ಅಡ್ವಾನ್ಸ್ ಮಾತ್ರ ಇರುತ್ತದೆ. ಅಲ್ಲಿ ಡೆಲ್ಕೊ ಶಾಫ್ಟಿನ ತುದಿಯ ರೋಟರನ್ನು ಅದು ತಿರುಗುವ ದಿಕ್ಕಿಗೆ ತಿರುವಿ ಬಿಟ್ಟಾಗ ಅದು ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರಬೇಕು. ಬಾರದಿದ್ದರೆ ತೂಕಗಳು ತುಕ್ಕು ಹಿಡಿದು ಕಚ್ಚಿಕೊಂಡಿವೆ.

ಪಾಯಿಂಟಿನ ಮೇಲೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟಿದ್ದರೆ, ಎಂಜಿನ್ ಓಡುತ್ತಿರುವಾಗ ಪಾಯಿಂಟಿನ ನಡುವೆ ದೊಡ್ಡದಾದ ನೀಲಿ ಬಿಳಿ ಕಿಡಿ ಸಿಡಿಯುತ್ತಿರುತ್ತದೆ. ಕಾಯಿಲ್‌ನ (ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಸುರುಳಿ) ವಿಷಯದಲ್ಲಿ ಶಾಖ ಮುಖ್ಯ: ಬೆಳಿಗ್ಗೆ ಸರಿಯಿದ್ದು, ಘಾಟಿಯ ಅರ್ಧದಲ್ಲಿ ಮಿಸ್ ಹೊಡೆದು, ಬಾನೆಟ್ ಎತ್ತಿ ತಣಿಸಿದ ಮೇಲೆ ಸರಿಹೋದರೆ ಕಾಯಿಲ್ ಮೇಲೆ ಅನುಮಾನ ಪಡಬೇಕು. ಬ್ಯಾಲಸ್ಟ್ (ಕರೆಂಟನ್ನು ತಗ್ಗಿಸುವ ಹೊರಗಿನ ರೆಸಿಸ್ಟರ್) ಇಲ್ಲದ 12 ವೋಲ್ಟಿನ ಕಾಯಿಲ್‌ನ ಪ್ರೈಮರಿ ಸುಮಾರು 3 ಓಮ್ ತೋರಿಸಬೇಕು, ಬ್ಯಾಲಸ್ಟ್ ಬೇಕಾಗುವ ಕಾಯಿಲ್ ಸುಮಾರು ಒಂದೂವರೆ ಓಮ್. ಅಳತೆಯನ್ನು ಕಾಯಿಲ್ ಬಿಸಿಯಾಗಿರುವಾಗಲೇ ತೆಗೆದುಕೊಳ್ಳಬೇಕು. ಇನ್ನೊಂದು ಮಾತು. ಹಳೆಯ ಜೀಪುಗಳಲ್ಲಿ ಅರ್ಥಿಂಗ್ ಬದಲಾಯಿಸಿದಾಗ ಕಾಯಿಲ್ ವೈರುಗಳನ್ನು ಅದಲುಬದಲು ಮಾಡುವುದನ್ನು ಮರೆತಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿದ್ದರೆ ಕಾಯಿಲ್‌ನ ನೆಗೆಟಿವ್ ಡೆಲ್ಕೊಗೆ ಹೋಗಬೇಕು. ತಿರುವುಮುರುವಾಗಿದ್ದರೂ ಜೀಪು ಓಡುತ್ತದೆ, ಆದರೆ ಪ್ಲಗ್ಗಿನ ಬಿಸಿಯಾದ ನಡುಗಂಬಿಯ ಬದಲು ತಣ್ಣಗಿನ ಹೊರಗಂಬಿಯಿಂದ ಕಿಡಿ ಹೊರಡಬೇಕಾಗುವುದರಿಂದ ಬೇಕಾದ ವೋಲ್ಟೇಜ್ ಹೆಚ್ಚುತ್ತದೆ. ಆ ಹೆಚ್ಚುವರಿ ವೋಲ್ಟೇಜ್ ಲೋಡಿನಲ್ಲಿ ಸಿಗುವುದಿಲ್ಲ.

ಪ್ಲಗ್ ವೈರುಗಳನ್ನು ಕತ್ತಲಲ್ಲಿ ನೋಡುವುದೇ ಸರಿ. ರಾತ್ರಿ ಎಂಜಿನ್ ಓಡಿಸಿ, ವೈರುಗಳ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಸೋರುವ ಕಡೆಯಲ್ಲಿ ನೀಲಿ ಮಿಣುಕು ಕಾಣುತ್ತದೆ. ತೋಟದ ಶೆಡ್ಡುಗಳಲ್ಲಿ ಇಲಿ ಕಚ್ಚಿದ ವೈರು ಅಪರೂಪವಲ್ಲ. ವೈರುಗಳನ್ನು ಮರಳಿ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2.

ಪೆಟ್ರೋಲಿನ ದಾರಿ

ಕಿಡಿ ಸರಿಯಿದೆ ಎಂದು ಖಚಿತವಾದ ಮೇಲೆ ಟ್ಯಾಂಕಿನಿಂದ ಆರಂಭಿಸಿ ಕಾರ್ಬುರೇಟರಿನ ಬಾಗಿಲ ತನಕ ಬರಬೇಕು. ಮೊದಲಿಗೆ ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿಯಾಡುವ ಸಣ್ಣ ತೂತು ಮಣ್ಣಿನಿಂದಲೋ, ಕಣಜ ಗೂಡು ಕಟ್ಟಿಯೋ ಮುಚ್ಚಿಹೋಗಿದ್ದರೆ, ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪಂಪು ಎಳೆಯಲಾರದೆ ಹೋಗುತ್ತದೆ. ಮಿಸ್ ಹೊಡೆಯುತ್ತಿರುವಾಗ ನಿಲ್ಲಿಸಿ ಮುಚ್ಚಳವನ್ನು ಸಡಿಲಿಸಿದಾಗ ಉಸ್ಸೆಂದು ಗಾಳಿ ಒಳಗೆ ಹೋದರೆ ಕಾರಣ ಅಲ್ಲಿಯೇ ಸಿಕ್ಕಿತು. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕೆಳಗಿದ್ದಾಗ ಮಾತ್ರ, ಅದೂ ಕಡಿದಾದ ತೋಟದ ದಾರಿಯಲ್ಲಿ ಮಾತ್ರ ತೊಂದರೆ ಬರುತ್ತಿದ್ದರೆ, ಪೆಟ್ರೋಲ್ ಒಂದು ಬದಿಗೆ ಸರಿದು ಒಳಗಿನ ಹೀರುಕೊಳವೆ ಬರಿದಾಗುತ್ತಿದೆ ಎಂದು ತಿಳಿಯಬೇಕು. ಟ್ಯಾಂಕ್ ತುಂಬಿಸಿ ಅದೇ ದಾರಿಯಲ್ಲಿ ಹೋಗಿ ನೋಡಿದರೆ ಸಾಕು.

ಮುಂದಿನದು ಎ.ಸಿ. ಪಂಪಿನ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು) ಗಾಜಿನ ಬೌಲ್. ಅದನ್ನು ಬಿಚ್ಚಿ, ಒಳಗಿರುವುದನ್ನು ಬಿಳಿಯ ಪಿಂಗಾಣಿ ಬಟ್ಟಲಿಗೆ ಸುರಿದು ಓರೆ ಮಾಡಬೇಕು. ತುಕ್ಕಿನ ಪುಡಿ ಕಾವಿ ಬಣ್ಣದ ಗೆರೆಯಾಗಿ ನಿಲ್ಲುತ್ತದೆ. ನೀರಿದ್ದರೆ ಪೆಟ್ರೋಲಿನ ಕೆಳಗೆ ಬೇರೆಯೇ ಗುಳ್ಳೆಯಾಗಿ, ಬಟ್ಟಲನ್ನು ಎತ್ತ ವಾಲಿಸಿದರೆ ಅತ್ತ ಉರುಳುತ್ತದೆ. ಮಳೆಗಾಲವಿಡೀ ಅರ್ಧ ಟ್ಯಾಂಕ್ ಇಟ್ಟು ನಿಲ್ಲಿಸಿದ ಜೀಪಿನಲ್ಲಿ ಇದು ಕಂಡುಬರುವುದೇ ಹೆಚ್ಚು. ಬೌಲಿನ ಬೆಂಡಿನ ಪ್ಯಾಕಿಂಗ್ ಒಣಗಿ ಕುಗ್ಗಿದ್ದರೆ ಅಲ್ಲಿಂದ ಪೆಟ್ರೋಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಸೇರುತ್ತದೆ, ಏಕೆಂದರೆ ಆ ಭಾಗ ಪಂಪಿನ ಹೀರುವ ಕಡೆಯಲ್ಲಿದೆ. ಹೊರಗೆ ಒಂದು ಹನಿಯೂ ಕಾಣಿಸದೆ ಪಂಪು ಗಾಳಿಯನ್ನೇ ಕುಡಿಯುತ್ತಿರುತ್ತದೆ.

ಪಂಪನ್ನು ಅಳೆಯಲು ಕಾರ್ಬುರೇಟರಿನ ಪೈಪನ್ನು ಬಿಚ್ಚಿ, ಅದಕ್ಕೆ ಉದ್ದನೆಯ ರಬ್ಬರ್ ಪೈಪ್ ಸಿಕ್ಕಿಸಿ, ತುದಿಯನ್ನು ಎಂಜಿನ್ನಿನಿಂದ ದೂರವಿರುವ ತಗಡಿನ ಡಬ್ಬಿಗೆ ಬಿಡಬೇಕು. ಕಾರ್ಬುರೇಟರಿನ ಬೌಲಿನಲ್ಲಿ ಉಳಿದ ಪೆಟ್ರೋಲಿನಿಂದಲೇ ಎಂಜಿನ್ ಅರ್ಧ ನಿಮಿಷದಷ್ಟು ಐಡ್ಲಿಂಗ್‌ನಲ್ಲಿ ಓಡುತ್ತದೆ, ಅಳತೆಗೆ ಅಷ್ಟು ಸಾಕು. ನಿಮಿಷಕ್ಕೆ ಅರ್ಧ ಲೀಟರಿನ ಲೆಕ್ಕಕ್ಕಿಂತ ಕಡಿಮೆ ಬಂದರೆ ಪೂರ್ತಿ ಲೋಡಿಗೆ ಅದು ಸಾಲುವುದು ಅನುಮಾನ. ಗೇಜ್ ಇದ್ದರೆ ಒತ್ತಡ ಚದರ ಇಂಚಿಗೆ ಎರಡೂವರೆಯಿಂದ ಮೂರೂಮುಕ್ಕಾಲು ಪೌಂಡಿನ ನಡುವೆ ಇರಬೇಕು. ಒತ್ತಡ ಸರಿಯಿದ್ದು ಪ್ರಮಾಣ ಕಡಿಮೆಯಿದ್ದರೆ ಪಂಪಿನ ಡಯಾಫ್ರಮ್ ಮೇಲೆ ತಪ್ಪು ಹೊರಿಸದೆ ಹಿಂದಿನ ಪೈಪನ್ನು ನೋಡಬೇಕು. ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಪ್ಲಾಸ್ಟಿಕ್ ಬಾಟಲಿ ಹಿಡಿದುಕೊಂಡು ಈ ಪರೀಕ್ಷೆ ಮಾಡುವುದನ್ನೂ, ಬಾನೆಟ್ ಮೇಲೆ ಪೆಟ್ರೋಲ್ ಕ್ಯಾನ್ ಕಟ್ಟಿ ಏರಿಗೆ ಓಡಿಸಿ ನೋಡುವುದನ್ನೂ ಕೆಲವರು ಜಾಣ್ಮೆ ಎಂದು ಭಾವಿಸಿದ್ದಾರೆ. ಪತ್ತೆಯಾಗುವುದು ಒಂದು ಸಣ್ಣ ದೋಷ, ಪಣಕ್ಕಿಡುವುದು ಇಡೀ ಜೀಪು ಮತ್ತು ಕೈಕಾಲು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಬಿರುನಾಣಿ ಕಡೆಯ ತೋಟವೊಂದರ ಜೀಪು ಇದಕ್ಕೆ ಒಳ್ಳೆಯ ನಿದರ್ಶನ. ಏರಿನಲ್ಲಿ ಸೊರಗಿ ನಿಲ್ಲುತ್ತಿದ್ದ ಅದಕ್ಕೆ ಕಾರ್ಬುರೇಟರ್ ಕಿಟ್ ಹಾಕಲಾಗಿತ್ತು, ಪಂಪು ಹೊಸತಾಗಿತ್ತು, ಟ್ಯಾಂಕ್ ತೊಳೆದಾಗಿತ್ತು. ಚೋಕ್ ಎಳೆದಾಗ ಸ್ವಲ್ಪ ದೂರ ಎಳೆಯುತ್ತಿದ್ದುದರಿಂದ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಸ್ಪಷ್ಟವಿತ್ತು. ಪ್ರಮಾಣದ ಅಳತೆ ಎಂಜಿನ್ ತಣ್ಣಗಿರುವಾಗ ಸರಿಯಾಗಿ ಬಂದು, ಬಿಸಿಯಾದ ಮೇಲೆ ಅರ್ಧಕ್ಕೆ ಇಳಿಯುತ್ತಿತ್ತು. ಛಾಸಿಯ ಲೋಹದ ಪೈಪಿಗೂ ಪಂಪಿಗೂ ನಡುವೆ ಇದ್ದ ಗೇಣುದ್ದದ ರಬ್ಬರ್ ಪೈಪು ಹೊರಗಿನಿಂದ ಕಪ್ಪಗೆ, ಗಟ್ಟಿಯಾಗಿ, ಒಂದು ಬಿರುಕೂ ಇಲ್ಲದೆ ಇತ್ತು. ಅದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದಾಗ ಒಳಪದರ ಉಬ್ಬಿ, ಜಿಗುಟಾಗಿ, ಒಂದು ಕಡೆ ಎದ್ದು ನಾಲಿಗೆಯಂತೆ ಜೋತುಬಿದ್ದಿತ್ತು. ಪಂಪು ಮೆಲ್ಲಗೆ ಹೀರಿದಾಗ ಆ ಪದರ ಸುಮ್ಮನಿದ್ದು, ಜೋರಾಗಿ ಹೀರಿದಾಗ ದಾರಿಗೆ ಅಡ್ಡ ಬರುತ್ತಿತ್ತು. ಆ ಗೇಣುದ್ದದ ಪೈಪನ್ನು ಬದಲಾಯಿಸಿದ ಮೇಲೆ ಬೇರೆ ಕೆಲಸ ಉಳಿಯಲಿಲ್ಲ.

ಇಂತಹ ಪೈಪುಗಳು ಈಗ ಹೆಚ್ಚಾಗಿ ಸಿಗಲು ಪೆಟ್ರೋಲಿನ ಸ್ವರೂಪವೇ ಬದಲಾಗಿರುವುದು ಒಂದು ಕಾರಣ. ಬಂಕಿನಲ್ಲಿ ಇಂದು ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಈ ಜೀಪುಗಳು ತಯಾರಾದ ಕಾಲದ ರಬ್ಬರ್, ಬೆಂಡು ಮತ್ತು ಡಯಾಫ್ರಮ್ ಬಟ್ಟೆ ಅದನ್ನು ತಾಳುವಂತೆ ಮಾಡಿದವಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಒಂದು ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಹೀರುಕೊಳವೆ ಮೊದಲು ಎತ್ತುವುದು ಅದನ್ನೇ. ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದ ಗೋಂದಿನಂತಹ ಕೊಳೆಯನ್ನೂ ಅದು ಕರಗಿಸಿ ಫಿಲ್ಟರಿಗೆ ತರುತ್ತದೆ. ಮಳೆಗಾಲಕ್ಕೆ ಜೀಪು ನಿಲ್ಲಿಸುವವರು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಒಣಗಿಸುವುದು ಅಥವಾ ವಾರಕ್ಕೊಮ್ಮೆ ಓಡಿಸಿ ಹೊಸ ಪೆಟ್ರೋಲ್ ಹಾಕುತ್ತಿರುವುದು, ಎರಡರಲ್ಲಿ ಒಂದನ್ನು ಮಾಡಬೇಕು. ಎಥನಾಲ್ ತಾಳುವ ಹೊಸ ಪೈಪುಗಳು ಮತ್ತು ಡಯಾಫ್ರಮ್ ಕಿಟ್ಟುಗಳು ದೊರೆಯುತ್ತವೆ. ಅಂಗಡಿಯಲ್ಲಿ ಕೇಳಿ ಅವನ್ನೇ ತರಬೇಕು.

ಮಾರ್ಚ್, ಏಪ್ರಿಲ್ ತಿಂಗಳ ಸೆಖೆಯಲ್ಲಿ, ಪೆರುಂಬಾಡಿಯಿಂದ ಇಳಿದು ಮಾಕುಟ್ಟದ ತನಕ ಹೋಗಿ ಲೋಡಿನೊಂದಿಗೆ ಮರಳಿ ಏರುವಾಗ ಮಾತ್ರ ತೊಂದರೆ ಬಂದರೆ, ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿರಬಹುದು. ಎಕ್ಸಾಸ್ಟ್ ಪೈಪಿಗೆ ತಾಗುವಂತೆ ಹಾದುಹೋದ ಪೆಟ್ರೋಲ್ ಪೈಪನ್ನು ದೂರ ಸರಿಸಿ, ನಡುವೆ ಒಂದು ತಗಡು ಅಡ್ಡ ಕಟ್ಟಿದರೆ ಬಹುಪಾಲು ನಿವಾರಣೆಯಾಗುತ್ತದೆ. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿದಾಗ ಎಂಜಿನ್ ಸುಧಾರಿಸಿದರೆ ಊಹೆ ಸರಿ.

ಕೊನೆಗೆ ಕಾರ್ಬುರೇಟರ್

ಇಲ್ಲಿಯ ತನಕ ಎಲ್ಲವೂ ಸರಿಯಿದ್ದು, ಚೋಕ್ ಪರೀಕ್ಷೆ ಪೆಟ್ರೋಲ್ ಕೊರತೆಯನ್ನೇ ತೋರಿಸುತ್ತಿದ್ದರೆ ಈಗ ಕಾರ್ಬುರೇಟರಿನ ಸರದಿ. ಬಿಚ್ಚುವ ಮೊದಲು, ಅದರ ಬುಡದ ಪ್ಯಾಕಿಂಗ್ ಮತ್ತು ವ್ಯಾಕ್ಯೂಮ್ ಪೈಪುಗಳ ಸುತ್ತ ಗಾಳಿ ಸೇರುತ್ತಿದೆಯೇ ಎಂದು ನೋಡಬೇಕು. ಐಡ್ಲಿಂಗ್‌ನಲ್ಲಿ ಆ ಸಂದುಗಳಿಗೆ ಸಾಬೂನು ನೀರನ್ನು ಹಚ್ಚಿದಾಗ ಅದು ಒಳಗೆ ಎಳೆಯಲ್ಪಟ್ಟು ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಗಾಳಿ ಸೇರುವ ದೋಷ ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲಿಯೇ ಹೆಚ್ಚು ಕಾಡುತ್ತದೆ, ಲೋಡಿನಲ್ಲಿ ಕಡಿಮೆ. ಹಾಗಾಗಿ ಐಡ್ಲಿಂಗ್ ನಯವಾಗಿದ್ದರೆ ಇದಕ್ಕೆ ಹೆಚ್ಚು ಸಮಯ ಕೊಡಬೇಕಾಗಿಲ್ಲ.

ಬೌಲನ್ನು ತೆರೆದಾಗ ನೋಡಬೇಕಾದವು ಫ್ಲೋಟ್ ಮಟ್ಟ, ನೀಡಲ್ ವಾಲ್ವ್ ಮತ್ತು ಅದರ ಮೊದಲಿರುವ ಸಣ್ಣ ಜಾಲರಿ. ಬಹಳ ಮಂದಿ ಮೇನ್ ಜೆಟ್ ಊದಿ ಮುಚ್ಚಿಬಿಡುತ್ತಾರೆ. ಪೈಪ್ ಸೇರುವ ನಿಪ್ಪಲ್ ಹಿಂದಿರುವ ಜಾಲರಿ ಇದೆಯೆಂಬುದೇ ಅವರಿಗೆ ನೆನಪಿರುವುದಿಲ್ಲ. ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ, ಮಟ್ಟ ಏರಿ ಮಿಶ್ರಣ ದಪ್ಪವಾಗುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚಾಗುತ್ತಿದೆ. ಜೆಟ್ಟಿಗೆ ತಂತಿ ತೂರಿಸಬಾರದು, ಗಾಳಿಯಿಂದ ಊದಿದರೆ ಸಾಕು. ಲೋಡಿಗೆಂದೇ ಇರುವ ಭಾಗವೊಂದಿದೆ: ಪೂರ್ತಿ ಥ್ರಾಟಲಿನಲ್ಲಿ ವ್ಯಾಕ್ಯೂಮ್ ಕುಸಿದಾಗ ಮಿಶ್ರಣವನ್ನು ಸುಮಾರು 13 ಪಾಲು ಗಾಳಿಗೆ 1 ಪಾಲು ಪೆಟ್ರೋಲಿನಷ್ಟು ದಪ್ಪ ಮಾಡುವ ಡಯಾಫ್ರಮ್ ಅಥವಾ ಮೀಟರಿಂಗ್ ಕಡ್ಡಿಯ ವ್ಯವಸ್ಥೆ. ಕಾರ್ಟರ್ ಕಾರ್ಬುರೇಟರಿನಲ್ಲಿ ಈ ಕಡ್ಡಿ ಡಯಾಫ್ರಮ್ ಜೊತೆ ಮೇಲೇಳಬೇಕು; ಕಡ್ಡಿ ಕೆಳಗೇ ಕಚ್ಚಿಕೊಂಡಿದ್ದರೆ ಸಮತಟ್ಟಿನಲ್ಲಿ ಎಲ್ಲವೂ ಸರಿಯಿದ್ದು ಏರಿನಲ್ಲಿ ಮಾತ್ರ ಎಂಜಿನ್ ಸಿಡಿಯುತ್ತದೆ.

ಜೆಟ್ ಗಾತ್ರ ಬದಲಾಯಿಸಬೇಕೇ ಎಂಬ ಪ್ರಶ್ನೆ ಇತ್ತೀಚೆಗೆ ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಹಾಕಿ ನೋಡಿದರೆ ಕೊಡಗಿನಲ್ಲಿ ಅದರ ಅಗತ್ಯ ಕಡಿಮೆ. ಪೆಟ್ರೋಲಿಗೆ ಗಾಳಿಯ ಸರಿಯಾದ ಅನುಪಾತ ಸುಮಾರು 14.7ಕ್ಕೆ 1, ಎಥನಾಲ್‌ಗೆ ಸುಮಾರು 9ಕ್ಕೆ 1, ಶೇ. 20ರ ಮಿಶ್ರಣಕ್ಕೆ ಅದು 13.5ರ ಆಸುಪಾಸಿಗೆ ಬರುತ್ತದೆ. ಅಂದರೆ ಹಳೆಯ ಜೆಟ್ಟಿನಲ್ಲಿ ಎಂಜಿನ್ ಶೇ. 7ರಿಂದ 8ರಷ್ಟು ತೆಳುವಾಗಿ ಓಡುತ್ತದೆ. ಆದರೆ ಮಡಿಕೇರಿಯ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಅದೇ ಜೆಟ್ ಶೇ. 5ರಿಂದ 6ರಷ್ಟು ದಪ್ಪ ಮಿಶ್ರಣ ಕೊಡುತ್ತದೆ. ಒಂದು ಇನ್ನೊಂದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಕರಾವಳಿಗೆ ಇಳಿದು ದುಡಿಯುವ ಜೀಪಿಗೆ ಮಾತ್ರ ಮೇನ್ ಜೆಟ್ಟನ್ನು ಒಂದು ಹಂತ ಹೆಚ್ಚಿಸುವ ವಿಚಾರ ಮಾಡಬಹುದು.

ಉಳಿದ ಎರಡು ಮೂರು ಸಂಗತಿ

ಏರ್ ಕ್ಲೀನರ್ ಎಣ್ಣೆಯದಾಗಿದ್ದರೆ ಎಣ್ಣೆ ಗುರುತಿನ ಮಟ್ಟದಲ್ಲಿರಬೇಕು, ಹೆಚ್ಚೂ ಆಗಬಾರದು. ಬೇಸಿಗೆಯ ಕೆಂಪು ಧೂಳಿನಲ್ಲಿ ಅದು ಬೇಗ ಕೆಸರಾಗುತ್ತದೆ. ಸೈಲೆನ್ಸರ್ ಒಳಗಿನ ತಗಡು ಕಳಚಿ ಅಡ್ಡ ಬಿದ್ದಿದ್ದರೆ ವ್ಯಾಕ್ಯೂಮ್ ಗೇಜ್ ಹೇಳುತ್ತದೆ: ಎಂಜಿನ್ನನ್ನು ಎರಡು ಸಾವಿರ ಸುತ್ತುಗಳಲ್ಲಿ ಹಿಡಿದಿಟ್ಟಾಗ ಮುಳ್ಳು ನಿಲ್ಲದೆ ನಿಧಾನವಾಗಿ ಕೆಳಗಿಳಿಯುತ್ತದೆ. ಪುಸ್ತಕದಲ್ಲಿ ಐಡ್ಲಿಂಗ್‌ಗೆ ಹೇಳಿರುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕಾದ್ದರಿಂದ ಮಡಿಕೇರಿಯಲ್ಲಿ 13ರಿಂದ 17 ಬಂದರೆ ಎಂಜಿನ್ ಆರೋಗ್ಯವಾಗಿದೆ. ಕಂಪ್ರೆಷನ್ ಗೇಜಿನ ಅಂಕಿಯೂ ಹಾಗೆಯೇ ಶೇ. 10ರಷ್ಟು ಕಡಿಮೆ ಬರುತ್ತದೆ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಇಲ್ಲಿ ಮುಖ್ಯ. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ವಾಲ್ವನ್ನು ತಳ್ಳುವ ಟ್ಯಾಪೆಟ್ ಬಿಗಿಯಾಗಿ ಎಕ್ಸಾಸ್ಟ್ ವಾಲ್ವ್ ಸುಡುತ್ತಿರಬಹುದು. ಈ ಎಂಜಿನ್ನಿನಲ್ಲಿ ಇನ್‌ಲೆಟ್ ವಾಲ್ವುಗಳು ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನಲ್ಲಿಯೂ ಇರುವುದರಿಂದ ಪಕ್ಕದ ಮುಚ್ಚಳವನ್ನು ಬಿಚ್ಚುವುದು ತ್ರಾಸದ ಕೆಲಸ, ಅದಕ್ಕೇ ಅನೇಕರು ಮೇಲಿನ ಟ್ಯಾಪೆಟ್ಟುಗಳನ್ನು ಮಾತ್ರ ಸರಿಮಾಡಿ ಬಿಡುತ್ತಾರೆ.

ಯಾವುದೇ ದೋಷ ಸಿಕ್ಕಿದರೂ ಅದೊಂದನ್ನೇ ಸರಿಪಡಿಸಿ, ಬೇರೇನನ್ನೂ ಮುಟ್ಟದೆ, ಅದೇ ಏರಿಗೆ ಅದೇ ಲೋಡಿನೊಂದಿಗೆ ಹೋಗಿ ನೋಡಬೇಕು. ಏರಿನ ಮೇಲ್ತುದಿಯಲ್ಲಿ, ರಸ್ತೆ ಅಗಲವಾಗಿರುವ ಕಡೆ, ಪೂರ್ತಿ ಎಳೆಯುತ್ತಿರುವಾಗಲೇ ಇಗ್ನಿಷನ್ ಆಫ್ ಮಾಡಿ ಕ್ಲಚ್ ಒತ್ತಿ ಬದಿಗೆ ನಿಲ್ಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಪ್ಲಗ್ ಬಿಚ್ಚಿದರೆ ಲೋಡಿನಲ್ಲಿ ಉರಿದ ನಿಜವಾದ ಬಣ್ಣ ಕಾಣುತ್ತದೆ. ಐಡ್ಲಿಂಗ್‌ನಲ್ಲಿ ಮನೆತನಕ ಬಂದು ನೋಡಿದರೆ ಆ ಬಣ್ಣ ಉಳಿದಿರುವುದಿಲ್ಲ. ಪಂಪಿಗೆ ಹೊಸ ಡಯಾಫ್ರಮ್ ಹಾಕಿದ್ದರೆ ಈ ಓಡಾಟದ ನಂತರ ಅದರ ಸುತ್ತಲಿನ ಸ್ಕ್ರೂಗಳನ್ನು ಎದುರುಬದುರಾಗಿ ಇನ್ನೊಂದು ಸುತ್ತು ಬಿಗಿಮಾಡಿ, ಎಂಜಿನ್ ಆಯಿಲ್ ಕಡ್ಡಿಯನ್ನು ಎಳೆದು ಪೆಟ್ರೋಲಿನ ವಾಸನೆ ಬರುತ್ತಿದೆಯೇ ಎಂದು ಮೂಸಿ ನೋಡಬೇಕು. ವಾಸನೆ ಇದ್ದರೆ ಹಳೆಯ ಡಯಾಫ್ರಮ್ ಹರಿದು ಪೆಟ್ರೋಲ್ ಕೆಳಗಿಳಿದಿದೆ, ಆಯಿಲನ್ನೂ ಅಂದೇ ಬದಲಾಯಿಸಬೇಕು.